ಮರಳುಗಾಡಿನ ಓಟವೂ ಮರಳಿ ಬರುವ ಮಾತೂ

ಇಂದು ಎಲ್ಲರೂ 'ಮರಳು' ಎನ್ನುವ ವಸ್ತುವನ್ನು ಹಳಗನ್ನಡದವರು 'ಮಳಲ್' ಎಂದು ಕರೆಯುತ್ತಿದ್ದರು. ಕಾಲಾಂತರದಲ್ಲಿ ಆ ಮಳಲು ಮರಳಾಯಿತು. ಹಾಗಾಗಿ 'ಹಿಂದಿರುಗು' ಎಂಬರ್ಥದ 'ಮರಳು' ಎಂಬ ಕ್ರಿಯಾಪದದೊಡನೆ ಒಂದೇ ರೂಪವನ್ನು ತಾಳಿತು. ಬುದ್ಧಿಭ್ರಮೆಯನ್ನು ಸೂಚಿಸುವ 'ಮರುಳು' ಇವೆರಡರ ಪಕ್ಕದಲ್ಲೇ, ಒಂದು ಕೊಂಬಿನ ಅಂತರದಲ್ಲಿ ನಿಂತಿದೆ. ಮೂಲದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರು ಮಾತುಗಳೂ ಒಂದೆಡೆ ಕೂಡುವ ಸಂದರ್ಭವೊಂದುಂಟು. ಮೋಟಾರು ಬೈಕನ್ನೇರಿ, ಗೆಳೆಯರೊಡಗೂಡಿ, ಮರಳುಗಾಡಿನ ಪಂದ್ಯಕ್ಕೆ ಹೊರಡುವ ತರುಣರನ್ನು ಕಂಡು ಲೋಕವು 'ಇದೇನು ಮರುಳು!' ಎನ್ನುತ್ತದೆ, ಮನೆಯವರು 'ಮರಳಿ ಬಂದರೆ ಸಾಕು' ಎನ್ನುತ್ತಾರೆ, ಹೊರಟವರಾದರೋ ಮರಳಿನ ಮೇಲೆಯೇ ದೃಷ್ಟಿಯಿಟ್ಟಿರುತ್ತಾರೆ.

ಕನ್ನಡದ ಮನೆಗಳಲ್ಲಿ ಹೊಸ್ತಿಲು ದಾಟುವವನು 'ಹೋಗುತ್ತೇನೆ' ಎನ್ನಬಾರದು. 'ಹೋಗಿ ಬರುತ್ತೇನೆ' ಎನ್ನಬೇಕು. ಮಗನು ಆತುರದಲ್ಲಿ 'ಹೋಗ್ತೀನಮ್ಮ' ಎಂದುಬಿಟ್ಟರೆ ತಾಯಿ ಅಡುಗೆಮನೆಯಿಂದಲೇ 'ಹಾಗನ್ನಬಾರದಪ್ಪ, ಹೋಗಿ ಬರ್ತೀನಿ ಅನ್ನು' ಎಂದು ತಿದ್ದುತ್ತಾಳೆ. ವ್ಯಾಕರಣದ ದೃಷ್ಟಿಯಿಂದ ಮೊದಲಿನ ಮಾತಿನಲ್ಲಿ ದೋಷವೇನೂ ಇಲ್ಲ. ಆದರೂ ಯಾವ ಪಂಡಿತನೂ ಆ ತಾಯಿಯ ತಿದ್ದುಪಡಿಯನ್ನು ಅಲ್ಲಗಳೆಯಲಾರನು. ಹೋಗುವುದರ ಅರ್ಥವು ಬರುವುದರಲ್ಲಿ ಪೂರ್ಣವಾಗುತ್ತದೆಂಬ ತಿಳಿವಳಿಕೆ ಆ ಪುಟ್ಟ ಮಾತಿನಲ್ಲಿ ಅಡಗಿದೆ. ಸಾಹಸವನ್ನು ಕುರಿತು ಆಡುವ ಯಾವ ಮಾತಾದರೂ ಈ ಹೊಸ್ತಿಲನ್ನು ಮರೆಯದಿರುವುದು ಒಳಿತು.

ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯಲ್ಲಿ ಈ ಹೊಸ್ತಿಲಿನ ಮಾತು ದಿನಕ್ಕೆ ಹಲವು ಬಾರಿ ಕೇಳಿಬರುತ್ತದೆ. ಹೊಲಗದ್ದೆಗಳ ನಡುವಣ ಹಳ್ಳಿಯಾಗಿದ್ದ ಆ ಊರು ಇಂದು ಕೈಗಾರಿಕಾ ಪ್ರದೇಶ. ಬೆಂಗಳೂರಿನಿಂದ ಯಲಹಂಕದ ಮೇಲೆ ಹಾದು ದೊಡ್ಡಬಳ್ಳಾಪುರ, ಗೌರಿಬಿದನೂರುಗಳನ್ನು ಮುಟ್ಟಿ ಹಿಂದೂಪುರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಕಾರ್ಖಾನೆಗಳು ಸಾಲುಗಟ್ಟಿವೆ. ಒಂದು ಪಾಳಿ ಮುಗಿದು ಇನ್ನೊಂದು ಆರಂಭವಾಗುವ ಹೊತ್ತಿಗೆ ಆ ರಸ್ತೆಯಲ್ಲಿ ಬೈಕುಗಳ ಪ್ರವಾಹವೇ ಹರಿಯುತ್ತದೆ. ಸುತ್ತಣ ಹಳ್ಳಿಗಳ ತರುಣರಿಗೆ ಬೈಕು ಭೋಗದ ವಸ್ತುವಲ್ಲ, ಅನ್ನದ ದಾರಿ. ಮೊದಲ ಸಂಬಳದಲ್ಲಿ ಮುಂಗಡ ಕಟ್ಟಿ, ಉಳಿದುದನ್ನು ಕಂತಿನಲ್ಲಿ ತೀರಿಸುವವರೇ ಹೆಚ್ಚು. ಭಾನುವಾರ ಬಂದರೆ ಅದೇ ಬೈಕು ಘಾಟಿ ಸುಬ್ರಹ್ಮಣ್ಯದ ತಿರುವುಗಳನ್ನೋ ನಂದಿಯ ಏರನ್ನೋ ಹತ್ತುತ್ತದೆ. ಒಂದು ಬೈಕಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಎಲ್ಲರೂ ಗೆಳೆಯರೇ. ಆ ವಯಸ್ಸಿನ ಬಯಕೆಯನ್ನು ಬರಿಯ ಬೈಗುಳದಿಂದ ಅಡಗಿಸಲಾಗದೆಂಬುದನ್ನು ಉಪಾಧ್ಯಾಯ ವೃತ್ತಿಯಲ್ಲಿರುವವರೆಲ್ಲ ಬಲ್ಲರು.

ಈ ಬಯಕೆ ಇಂದಿನ ಪೀಳಿಗೆಯೊಡನೆ ಹುಟ್ಟಿದುದೂ ಅಲ್ಲ. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳನ್ನು, ಅನಂತರ 'ಯೆಜ್ಡಿ' ಎಂಬ ಹೆಸರಿನಿಂದ ಹೊರಬಂದ ಅದರ ಗಾಡಿಗಳನ್ನು, ಹಿರಿಯ ವಿದ್ಯಾರ್ಥಿಗಳಲ್ಲಿ ಹಲವರು ಇಂದಿಗೂ ಅಕ್ಕರೆಯಿಂದ ನೆನೆಯುತ್ತಾರೆ. ಅದರ ಶಬ್ದವನ್ನು ಕೇಳಿಯೇ ಇಂಥವರು ಬಂದರೆಂದು ಬೀದಿಯ ಜನ ಗುರುತಿಸುತ್ತಿದ್ದ ಕಾಲವದು. ತಂದೆ ಯೆಜ್ಡಿಯ ಮೇಲೆ ಕಂಡುದನ್ನೇ ಮಗನು ಬೇರೊಂದು ಬೈಕಿನ ಮೇಲೆ ಕಾಣಬಯಸುತ್ತಾನೆ. ಹಾಗಾದರೆ ಆ ಬಯಕೆಗೆ ಯಾವ ಶಿಕ್ಷಣ ಬೇಕು? ಈ ಪ್ರಶ್ನೆಗೆ ಉತ್ತರವನ್ನು ಊರಿನ ರಸ್ತೆಯಲ್ಲಿ ಹುಡುಕುವುದಕ್ಕೆ ಮೊದಲು, ಆ ಬಯಕೆಯು ತನ್ನ ಪರಾಕಾಷ್ಠೆಯನ್ನು ಮುಟ್ಟುವ ಸ್ಥಳವಾದ ಮರಳುಗಾಡಿನಲ್ಲಿ ಹುಡುಕುವುದು ಸೂಕ್ತವೆಂದು ತೋರುತ್ತದೆ.

ಮರಳುಗಾಡಿನ ಪಂದ್ಯಗಳಲ್ಲೆಲ್ಲ ಜಗದ್ವಿಖ್ಯಾತವಾದುದು ಡಕಾರ್ ರ‍್ಯಾಲಿ. ಅದು ಹುಟ್ಟಿದ ಬಗೆಯೇ ವಿಲಕ್ಷಣ. ಥಿಯೆರಿ ಸಬೀನ್ ಎಂಬ ಫ್ರೆಂಚ್ ಸವಾರನು 1977ರಲ್ಲಿ ಬೇರೊಂದು ಪಂದ್ಯದಲ್ಲಿ ಬೈಕು ನಡೆಸುತ್ತಿದ್ದಾಗ ಲಿಬಿಯಾದ ಮರುಭೂಮಿಯಲ್ಲಿ ದಾರಿತಪ್ಪಿದನು. ಸಾವಿನ ಬಾಗಿಲಿನಿಂದ ಪಾರಾಗಿ ಊರಿಗೆ ಬಂದವನು ಮರುಭೂಮಿಯನ್ನು ಶಪಿಸಲಿಲ್ಲ. ತಾನು ಕಂಡುದನ್ನು ಇತರರೂ ಕಾಣಲೆಂದು ಹೊಸ ಪಂದ್ಯವೊಂದನ್ನು ಹೂಡಿದನು. 1978ರ ಡಿಸೆಂಬರ್ 26ರಂದು ಪ್ಯಾರಿಸ್ ನಗರದಿಂದ 182 ವಾಹನಗಳು ಹೊರಟವು. ಆಫ್ರಿಕದ ಪಶ್ಚಿಮ ತೀರದ ಡಕಾರ್ ನಗರವನ್ನು ತಲುಪಿದವು 74 ಮಾತ್ರ. ಆ ಮೊದಲ ಪಂದ್ಯವನ್ನು ಗೆದ್ದವನು ಯಮಾಹಾ ಬೈಕಿನ ಸವಾರ ಸಿರಿಲ್ ನೆವೂ. ಈ ಪಂದ್ಯವು ಹೊರಡುವವರಿಗೆ ಸವಾಲು, ಹಿಂದುಳಿಯುವವರಿಗೆ ಕನಸು ಎಂಬುದು ಸಬೀನನ ಅಭಿಪ್ರಾಯವಾಗಿತ್ತು. ಹಿಂದುಳಿದವರ ಪಾಲಿಗೆ ಅದು ಕನಸಷ್ಟೇ ಅಲ್ಲ, ನಿದ್ದೆಗೆಡಿಸುವ ಚಿಂತೆಯೂ ಅಹುದು. ಸಬೀನನೇ 1986ರ ಜನವರಿಯಲ್ಲಿ, ಪಂದ್ಯ ನಡೆಯುತ್ತಿದ್ದಾಗಲೇ, ಮಾಲಿ ದೇಶದಲ್ಲಿ ಹೆಲಿಕಾಪ್ಟರ್ ಅಪಘಾತಕ್ಕೆ ಬಲಿಯಾದನು.

ಮಾರಿಟೇನಿಯಾದಲ್ಲಿ ಭದ್ರತೆಯ ಭಯ ತಲೆದೋರಿದುದರಿಂದ 2008ರ ಪಂದ್ಯ ರದ್ದಾಯಿತು. 2009ರಿಂದ ಅದು ದಕ್ಷಿಣ ಅಮೆರಿಕಕ್ಕೂ, 2020ರಿಂದ ಸೌದಿ ಅರೇಬಿಯಾಕ್ಕೂ ಸ್ಥಳಾಂತರಗೊಂಡಿತು. ಡಕಾರ್ ಊರು ಹಿಂದೆ ಉಳಿಯಿತು. ಹೆಸರು ಮಾತ್ರ ಪಂದ್ಯದೊಡನೆ ಸಂಚರಿಸುತ್ತಿದೆ.

ಈ ಪಂದ್ಯದ ಕ್ರಮವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಸುಮಾರು ಎರಡು ವಾರಗಳ ಕಾಲ, ದಿನಕ್ಕೆ ನೂರಾರು ಕಿಲೋಮೀಟರುಗಳಂತೆ ಸಾವಿರಾರು ಕಿಲೋಮೀಟರು ಸಾಗಬೇಕು. ಅಲ್ಲಿ ರಸ್ತೆಯಿಲ್ಲ, ಮೈಲುಗಲ್ಲಿಲ್ಲ, ಕೇಳೋಣವೆಂದರೆ ದಾರಿಹೋಕನೂ ಇಲ್ಲ. ಕಾರಿನಲ್ಲಿ ಹೋಗುವವನ ಪಕ್ಕದಲ್ಲಿ ದಾರಿ ಹೇಳುವ ಸಹಚರನೊಬ್ಬನಿರುತ್ತಾನೆ, ಬೈಕಿನವನು ಏಕಾಂಗಿ. ಹಿಡಿಕೆಯ ಮುಂದೆ 'ರೋಡ್‌ಬುಕ್' ಎಂಬ ದಾರಿಸೂಚಿ ಇರುತ್ತದೆ. ಬಹುಕಾಲ ಅದು ಕಾಗದದ ಸುರುಳಿಯೇ ಆಗಿತ್ತು. ಈಚೆಗೆ ವಿದ್ಯುನ್ಮಾನ ಫಲಕವಾಗಿದೆ. ಇಷ್ಟು ದೂರ ಹೋದ ಮೇಲೆ ಈ ದಿಕ್ಕಿಗೆ ತಿರುಗು, ಇಲ್ಲಿ ಹಳ್ಳವಿದೆ, ಇಲ್ಲಿ ಕಲ್ಲಿದೆ ಎಂದು ಸಂಕೇತಗಳಲ್ಲಿ ಬರೆದಿರುತ್ತದೆ. ಅಪಾಯವು ಹೆಚ್ಚಿದಂತೆ ಭಾವಸೂಚಕ ಚಿಹ್ನೆಗಳೂ ಹೆಚ್ಚುತ್ತವೆ. ಮೂರು ಚಿಹ್ನೆಗಳು ಕಂಡರೆ ಅದು ಅತ್ಯಂತ ಅಪಾಯದ ಸ್ಥಳವೆಂದು ತಿಳಿಯಬೇಕು. ವ್ಯಾಕರಣದಲ್ಲಿ ಆಶ್ಚರ್ಯವನ್ನು ಸೂಚಿಸುವ ಚಿಹ್ನೆ ಅಲ್ಲಿ ಪ್ರಾಣವನ್ನು ಕಾಯುವ ಚಿಹ್ನೆಯಾಗಿದೆ. ವೇಗವಾಗಿ ಓಡುತ್ತಲೇ ಓದಬೇಕು, ಓದುತ್ತಲೇ ನೆಲವನ್ನು ನೋಡಬೇಕು. ಓದಿನಲ್ಲಿ ಒಂದು ಸಾಲು ತಪ್ಪಿದರೆ ದಾರಿ ತಪ್ಪುತ್ತದೆ. ನೋಟದಲ್ಲಿ ಒಂದು ಕ್ಷಣ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಬರಿಯ ಮೈಬಲವುಳ್ಳವನು ಇಲ್ಲಿ ನಿಲ್ಲಲಾರನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂತಹ ಪಂದ್ಯವನ್ನು ಮೊಟ್ಟಮೊದಲು ಪೂರ್ಣಗೊಳಿಸಿದ ಭಾರತೀಯನು ಕನ್ನಡ ನಾಡಿನವನೆಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ಅರ್ಜೆಂಟೀನ, ಚಿಲಿ, ಬೊಲಿವಿಯ ದೇಶಗಳಲ್ಲಿ ನಡೆದ ಡಕಾರ್ ಪಂದ್ಯದಲ್ಲಿ 36ನೆಯ ಸ್ಥಾನವನ್ನು ಪಡೆದರು. ಅದಕ್ಕೆ ಎರಡು ವರ್ಷ ಮೊದಲು, 2013ರಲ್ಲಿ, ಅಬುಧಾಬಿಯ ಮರಳುಗಾಡಿನ ಪಂದ್ಯದಲ್ಲಿ ಅವರ ಬೈಕಿಗೆ ಬೆಂಕಿ ಹೊತ್ತಿಕೊಂಡು ಮೈಮೇಲೆ ಸುಟ್ಟ ಗಾಯಗಳಾಗಿದ್ದವು. ಅಲ್ಲಿಗೇ ಬಿಟ್ಟುಬಿಟ್ಟಿದ್ದರೆ ಯಾರೂ ಅವರನ್ನು ಹೀಗಳೆಯುತ್ತಿರಲಿಲ್ಲ. 2015ರ ಪಂದ್ಯದಲ್ಲಿ ಬೊಲಿವಿಯದ ಉಯುನಿ ಎಂಬ ಉಪ್ಪಿನ ಬಯಲು ಮಳೆಯಿಂದ ತುಂಬಿ ಕೆರೆಯಂತಾಗಿತ್ತು. ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರಿಗೂ ಎತ್ತರದ ಆ ಚಳಿಯಲ್ಲಿ ಉಪ್ಪುನೀರು ಎಂಜಿನ್ನಿಗೂ ತಂತಿಗಳಿಗೂ ನುಗ್ಗಿ ಹೆಸರಾಂತ ಸವಾರರ ಬೈಕುಗಳನ್ನೇ ಕೆಡಿಸಿತು. ಅದನ್ನು ದಾಟಿ ಬಂದವರ ಪಟ್ಟಿಯಲ್ಲಿ 36 ಎಂಬ ಸಂಖ್ಯೆ ಸಣ್ಣದಲ್ಲ.

ಅವರ ಹಿಂದೆಯೇ ಉಡುಪಿಯ ಕೆ. ಪಿ. ಅರವಿಂದ್ ನಡೆದರು. ಕರ್ನಾಟಕದ ಗಡಿಗೆ ಹೊಂದಿಕೊಂಡ ಹೊಸೂರಿನ ಟಿವಿಎಸ್ ಸಂಸ್ಥೆಯ ತಂಡದಿಂದ 2017ರಲ್ಲಿ ಮೊದಲ ಬಾರಿ ಡಕಾರ್‌ಗೆ ಹೋದರು, ಪಂದ್ಯ ಮುಗಿಸಲಾಗಲಿಲ್ಲ. 2018ರಲ್ಲಿ ಮತ್ತೆ ಹೋದರು, ಆಗಲೂ ಆಗಲಿಲ್ಲ. 2019ರಲ್ಲಿ ಮೂರನೆಯ ಸಲ ಹೋಗಿ 37ನೆಯವರಾಗಿ ಗುರಿ ಮುಟ್ಟಿದರು. ಅವರನ್ನು ಮನೆಮನೆಗೆ ಪರಿಚಯಿಸಿದುದು 2021ರ ದೂರದರ್ಶನದ ಜನಪ್ರಿಯ ಕಾರ್ಯಕ್ರಮವೇ ಹೊರತು ಡಕಾರ್ ಅಲ್ಲ. ಆದರೆ ಶಾಲೆಯ ಮಕ್ಕಳಿಗೆ ಹೇಳಬೇಕಾದ ಕಥೆ ಆ ಮೂರು ಜನವರಿಗಳದು.

ಬೆಂಗಳೂರಿನ ಐಶ್ವರ್ಯ ಪಿಸ್ಸೆ ಅವರ ವೃತ್ತಾಂತವೂ ಇದೇ ಜಾತಿಯದು. ಸ್ಪೇನಿನಲ್ಲಿ 2018ರಲ್ಲಿ ನಡೆದ ಪಂದ್ಯದಲ್ಲಿ ಬಿದ್ದು ಅವರ ಮೇದೋಜೀರಕ ಗ್ರಂಥಿಗೆ ಗಂಭೀರ ಪೆಟ್ಟಾಗಿತ್ತು. ಮರುವರ್ಷ, ಅಂದರೆ 2019ರಲ್ಲಿ, ದುಬೈ, ಪೋರ್ಚುಗಲ್, ಸ್ಪೇನ್, ಹಂಗರಿಗಳಲ್ಲಿ ನಡೆದ ಸುತ್ತುಗಳನ್ನು ಮುಗಿಸಿ ಮಹಿಳೆಯರ ಬಾಹಾ ವಿಶ್ವಕಪ್ಪನ್ನು ಗೆದ್ದುಕೊಂಡರು. ಮೋಟಾರು ಕ್ರೀಡೆಯಲ್ಲಿ ವಿಶ್ವಮಟ್ಟದ ಪ್ರಶಸ್ತಿಯನ್ನು ಭಾರತಕ್ಕೆ ತಂದವರಲ್ಲಿ ಅವರೇ ಮೊದಲಿಗರು. ಹಿಂದಿನ ವರ್ಷ ತನ್ನನ್ನು ಕೆಡವಿದ ದೇಶದ ನೆಲಕ್ಕೇ ತಿರುಗಿ ಹೋದರೆಂಬುದು ಇಲ್ಲಿ ಗಮನಿಸತಕ್ಕ ವಿಷಯ. ಬೈಕು ಗಂಡುಮಕ್ಕಳ ಆಟವೆಂಬ ಮಾತಿಗೆ ಇದಕ್ಕಿಂತ ಮಿಗಿಲಾದ ಉತ್ತರ ಬೇಕಾಗಿಲ್ಲ.

ಇವರೆಲ್ಲ ಸಂಸ್ಥೆಗಳ ಬೆಂಬಲ ಪಡೆದ ನುರಿತ ಸವಾರರಾದರು. ಆದರೆ ಈ ಪಂದ್ಯಗಳಿಗೆ ಬರುವವರಲ್ಲಿ ಬಹುಮಂದಿ ಹವ್ಯಾಸಿಗಳು. ಅಂಗಡಿಯೋ ಉದ್ಯೋಗವೋ ಇರುವವರು ವರ್ಷಗಟ್ಟಲೆ ಹಣ ಕೂಡಿಟ್ಟು, ಗೆಳೆಯರನ್ನು ಕಲೆಹಾಕಿಕೊಂಡು ಬರುತ್ತಾರೆ. ಗೆಲ್ಲುವ ಆಸೆ ಅವರಿಗಿಲ್ಲ, ಮುಗಿಸಿದರೆ ಸಾಕು. ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ನಡೆಯುತ್ತಿದ್ದ 'ಡೆಸರ್ಟ್ ಸ್ಟಾರ್ಮ್' ರ‍್ಯಾಲಿಗೂ ಇಂತಹ ಉತ್ಸಾಹಿಗಳು ಬರುತ್ತಿದ್ದುದುಂಟು. ಡಕಾರ್‌ನಲ್ಲಿ ಅಂಥವರಿಗಾಗಿಯೇ ಒಂದು ವಿಭಾಗವಿದೆ. ಅಲ್ಲಿ ಮೆಕ್ಯಾನಿಕ್ಕಿಲ್ಲ, ಸಹಾಯಕರ ತಂಡವಿಲ್ಲ. ಒಂದು ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಸಾಮಾನು, ಮಲಗಲು ಒಂದು ಗುಡಾರ, ಕೆಲವು ಸಲಕರಣೆಗಳು. ಹಗಲೆಲ್ಲ ಮರಳಿನಲ್ಲಿ ಸವಾರಿ ಮಾಡಿ ಬಂದವನು ರಾತ್ರಿ ತಾನೇ ಎಣ್ಣೆ ಬದಲಿಸಬೇಕು, ಟೈರು ಬಿಚ್ಚಬೇಕು, ಸಡಿಲಾದುದನ್ನು ಬಿಗಿಯಬೇಕು. ಹೊರಗಿನವರ ನೆರವನ್ನು ನಿಯಮವು ಒಪ್ಪುವುದಿಲ್ಲ. ಆದರೆ ಅದೇ ವಿಭಾಗದ ಸವಾರರು ಒಬ್ಬರಿಗೊಬ್ಬರು ಕೈಗೊಡುವುದನ್ನು ಅದು ತಡೆಯುವುದಿಲ್ಲ. ಹೀಗಾಗಿ ಬೆಳಗ್ಗೆ ಎದುರಾಳಿಯಾದವನೇ ರಾತ್ರಿ ದೀಪ ಹಿಡಿದು ಪಕ್ಕದಲ್ಲಿ ಕೂರುತ್ತಾನೆ. ಒಬ್ಬನ ಬಳಿ ಇಲ್ಲದ ಬೋಲ್ಟು ಇನ್ನೊಬ್ಬನ ಪೆಟ್ಟಿಗೆಯಿಂದ ಬರುತ್ತದೆ.

ಸ್ನೇಹವೆಂದೊಡನೆ ಕನ್ನಡಿಗರಿಗೆ ಪಂಪನ 'ವಿಕ್ರಮಾರ್ಜುನ ವಿಜಯ'ದ ಕರ್ಣನು ನೆನಪಾಗುವುದು ಸಹಜ. ತನ್ನನ್ನು ಎತ್ತಿ ಹಿಡಿದವನ ಋಣಕ್ಕಾಗಿ ಒಡಹುಟ್ಟಿದವರ ಎದುರಿನಲ್ಲಿ ನಿಂತವನು ಅವನು. ಆ ಸ್ನೇಹ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿ ಕೊಟ್ಟವನೊಬ್ಬ, ಪಡೆದವನೊಬ್ಬ. ಮರಳುಗಾಡಿನಲ್ಲಿ ಕಾಣುವುದು ಬೇರೊಂದು ಬಗೆ. ಅಲ್ಲಿ ಸವಾರನು ನಿಲ್ಲುವುದು ತನಗೆ ಏನನ್ನೂ ಕೊಡದವನಿಗಾಗಿ; ಎಷ್ಟೋ ವೇಳೆ, ತನ್ನನ್ನು ಸೋಲಿಸಲೆಂದೇ ಬಂದವನಿಗಾಗಿ.

ಈ ಮಾತಿಗೆ ನಿದರ್ಶನವಾಗಿ ಪೋರ್ಚುಗಲ್ ದೇಶದ ಪಾವ್ಲೋ ಗೊನ್ಸಾಲ್ವಿಸ್ ಎಂಬ ಸವಾರನ ಚರಿತ್ರೆಯನ್ನು ಹೇಳಬೇಕು. 2016ರ ಡಕಾರ್‌ನಲ್ಲಿ ಅವನು ಮುಂಚೂಣಿಯಲ್ಲಿದ್ದನು. ದಾರಿಯಲ್ಲಿ ಆಸ್ಟ್ರಿಯದ ಮಥಿಯಾಸ್ ವಾಲ್ಕ್ನರ್ ಎಂಬ ಪ್ರತಿಸ್ಪರ್ಧಿ ತೊಡೆಯ ಮೂಳೆ ಮುರಿದು ಬಿದ್ದಿದ್ದನು. ಗೊನ್ಸಾಲ್ವಿಸ್ ಬೈಕು ನಿಲ್ಲಿಸಿ, ವೈದ್ಯಕೀಯ ನೆರವು ಬರುವವರೆಗೆ ಅವನ ಬಳಿ ಇದ್ದನು. ಸೆಕೆಂಡುಗಳನ್ನು ಎಣಿಸುವ ಪಂದ್ಯದಲ್ಲಿ ಹತ್ತು ನಿಮಿಷಕ್ಕೂ ಮೀರಿದ ಕಾಲ ಕಳೆಯಿತು. ಇಲ್ಲಿ ಪಂದ್ಯದ ನಿಯಮವೊಂದು ಕೆಲಸ ಮಾಡುತ್ತದೆ: ಗಾಯಾಳುವಿಗಾಗಿ ನಿಂತವನು ಕಳೆದುಕೊಂಡ ಸಮಯವನ್ನು ಸಂಘಟಕರು ಅವನಿಗೆ ಹಿಂದಿರುಗಿಸುತ್ತಾರೆ. ಅದರಂತೆ ಅವನಿಗೂ ಸಮಯ ಮರಳಿ ದೊರೆಯಿತು. ಆದರೆ ಬೈಕು ನಿಲ್ಲಿಸುವ ಆ ಕ್ಷಣದಲ್ಲಿ ಯಾವ ಸವಾರನೂ ಲೆಕ್ಕ ಹಾಕುತ್ತ ಕೂರುವುದಿಲ್ಲ.

ನಾಲ್ಕು ವರ್ಷಗಳ ಮೇಲೆ ಅದೇ ಗೊನ್ಸಾಲ್ವಿಸ್ ಭಾರತದ ಹೀರೋ ಸಂಸ್ಥೆಯ ತಂಡದಲ್ಲಿ ಸಂತೋಷ್ ಅವರ ಜೊತೆಗಾರನಾಗಿ ಸೌದಿ ಅರೇಬಿಯಾಕ್ಕೆ ಬಂದನು. ಪಂದ್ಯದ ಆರಂಭದಲ್ಲೇ ಎಂಜಿನ್ ಕೆಟ್ಟಿತು. ಮರಳುಗಾಡಿನ ನಡುವೆ ಗಂಟೆಗಟ್ಟಲೆ ಕಾದು, ಲಾರಿ ಬಂದ ಮೇಲೆ ಎಂಜಿನ್ ಬದಲಿಸಿಕೊಂಡು, ಗೆಲ್ಲುವ ಆಸೆ ಹೋದ ಮೇಲೂ ಓಟವನ್ನು ಮುಂದುವರಿಸಿದನು. 2020ರ ಜನವರಿ 12ರಂದು, ಏಳನೆಯ ಹಂತದಲ್ಲಿ, ಅವನು ಬಿದ್ದನು. ಮೊದಲು ಬಂದು ನಿಂತವನು ಆಸ್ಟ್ರೇಲಿಯದ ಟೋಬಿ ಪ್ರೈಸ್. ಪ್ರಶಸ್ತಿಯ ಸ್ಪರ್ಧೆಯಲ್ಲಿದ್ದ, ಹಿಂದಿನ ವರ್ಷವೇ ಡಕಾರ್ ಗೆದ್ದಿದ್ದ ಸವಾರ. ಅವನು ಪಂದ್ಯವನ್ನು ಮರೆತು ಅಲ್ಲಿಯೇ ಉಳಿದನು. ಗೊನ್ಸಾಲ್ವಿಸ್ ಬದುಕಲಿಲ್ಲ. ಅವನಿಗೆ ಆಗ ನಲವತ್ತು ವರ್ಷ. ಅದೇ ತಂಡದ ಸವಾರ ಜೋಕಿಂ ರೋಡ್ರಿಗಸ್ ಅವನ ಹೆಂಡತಿಯ ಸೋದರ. ಮರುದಿನ ಬೈಕುಗಳ ಹಂತವನ್ನು ರದ್ದುಪಡಿಸಲಾಯಿತು. ಸಂತೋಷ್ ಅವರಿದ್ದ ತಂಡವು ಪಂದ್ಯದಿಂದ ಹಿಂದೆ ಸರಿಯಿತು. ಗೆಳೆಯನಿಲ್ಲದ ಮೇಲೆ ಓಟಕ್ಕೆ ಅರ್ಥವಿರಲಿಲ್ಲ.

ಒಂದು ವರ್ಷ ತುಂಬುವುದರೊಳಗೆ ಅದೇ ದೇಶದ ಮರಳು ಸಂತೋಷ್ ಅವರನ್ನೂ ಕೆಡವಿತು. ಅದು ಅವರ ಏಳನೆಯ ಡಕಾರ್. 2021ರ ಜನವರಿ 6ರಂದು, ವಾದಿ ಅದ್ ದವಾಸಿರ್‌ನಿಂದ ರಿಯಾದ್‌ಗೆ ಹೋಗುವ ಹಂತದಲ್ಲಿ ಬಿದ್ದು ಅವರ ತಲೆಗೆ ತೀವ್ರ ಪೆಟ್ಟಾಯಿತು. ಹೆಲಿಕಾಪ್ಟರಿನಲ್ಲಿ ರಿಯಾದ್‌ನ ಆಸ್ಪತ್ರೆಗೆ ಸಾಗಿಸಿ, ವೈದ್ಯರು ಔಷಧದಿಂದ ಅವರನ್ನು ಗಾಢನಿದ್ರೆಯಲ್ಲಿರಿಸಿದರು. ಬೆಂಗಳೂರಿನಲ್ಲಿ ಕಾದವರ ದಿನಗಳು ಹೇಗೆ ಕಳೆದಿರಬೇಕೆಂಬುದನ್ನು ಯಾರಾದರೂ ಊಹಿಸಬಹುದು. ಅವರು ಮರಳಿ ಬಂದರು, ಚೇತರಿಸಿಕೊಂಡರು. ಆ ವರ್ಷ ಸವಾರರೆಲ್ಲರೂ ಗಾಳಿ ತುಂಬಿಕೊಳ್ಳುವ ರಕ್ಷಣಾ ಕವಚವನ್ನು ತೊಡುವುದು ಕಡ್ಡಾಯವಾಗಿತ್ತು. ಪ್ರತಿ ವಾಹನದಲ್ಲೂ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣವಿರುತ್ತದೆ. ಆಕಾಶದಲ್ಲಿ ವೈದ್ಯರಿರುವ ಹೆಲಿಕಾಪ್ಟರುಗಳು ಸಿದ್ಧವಾಗಿರುತ್ತವೆ. ಜನರಿಲ್ಲದ ಆ ನಾಡಿನಲ್ಲಿ ಬಿದ್ದವನೊಬ್ಬನು ಮರಳಿ ಬರುವುದಕ್ಕೆ ಇಷ್ಟೆಲ್ಲ ಏರ್ಪಾಡು ಉಂಟು. ಮರಳುಗಾಡಿಗೆ ಹೋಗುವವರು ಮರುಳರಲ್ಲ. ಅಪಾಯವನ್ನು ಅಳೆದು ಹೋಗುವವರು. ಅಳೆದ ಮೇಲೂ ಅಪಾಯವು ಉಳಿಯುತ್ತದೆಂಬುದನ್ನು ಬಲ್ಲವರು.

ಜನರಿಲ್ಲದ ನಾಡಿನ ಕಥೆ ಇದಾದರೆ, ಜನರಿಂದ ತುಂಬಿದ ರಸ್ತೆಯ ಕಥೆಯೇನು? ಬೆಂಗಳೂರು ಗ್ರಾಮಾಂತರ ಜಿಲ್ಲೆಯವರು ಮರೆಯಲಾಗದ ಘಟನೆಯೊಂದು 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹೆದ್ದಾರಿಯಲ್ಲಿ ನಡೆಯಿತು. ಹರೀಶ್ ಎಂಬ ತರುಣನು ಊರಿನಿಂದ ಬೆಂಗಳೂರಿನ ಕಡೆಗೆ ಬೈಕಿನಲ್ಲಿ ಬರುತ್ತಿದ್ದಾಗ ಲಾರಿಗೆ ಸಿಕ್ಕಿ ದೇಹವೇ ತುಂಡಾಯಿತು. ಆ ಸ್ಥಿತಿಯಲ್ಲಿಯೂ ಅವನಿಗೆ ಎಚ್ಚರವಿತ್ತು. ಸುತ್ತಲಿದ್ದವರನ್ನು ನೆರವಿಗಾಗಿ ಅಂಗಲಾಚಿದನು. ತನ್ನ ಅಂಗಾಂಗಗಳನ್ನು ದಾನ ಮಾಡಿರೆಂದು ಕೇಳಿಕೊಂಡನು. ಅವನು ಉಳಿಯಲಿಲ್ಲ, ಅವನ ಕಣ್ಣುಗಳು ಉಳಿದವು. ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳ ಕಾಲ 25,000 ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಹಣ ಕೇಳದೆ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರವು ಆ ವರ್ಷವೇ ರೂಪಿಸಿ, ಅದಕ್ಕೆ ಅವನ ಹೆಸರನ್ನೇ ಇಟ್ಟಿತು. ಸಾಯುವ ಗಳಿಗೆಯಲ್ಲಿ ಕೊಡುವುದನ್ನು ಕುರಿತು ಯೋಚಿಸಿದ ಆ ತರುಣನಿಗಿಂತ ದೊಡ್ಡ ದಾನಿಯನ್ನು ಹಳೆಯ ಕಾವ್ಯಗಳಲ್ಲೂ ಹುಡುಕಬೇಕಾಗುತ್ತದೆ.

ರಸ್ತೆಯಲ್ಲಿ ಬಿದ್ದವನ ಬಳಿ ನಿಲ್ಲಲು ಜನ ಹಿಂಜರಿಯುವುದಕ್ಕೆ ಕಾರಣ ಕ್ರೌರ್ಯವಲ್ಲ, ಭಯ. ಪೊಲೀಸರು ಕರೆಯುತ್ತಾರೆ, ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ, ಆಸ್ಪತ್ರೆಯವರು ಹಣ ಕೇಳುತ್ತಾರೆ ಎಂಬ ಭಯ. ಈ ಭಯಕ್ಕೆ ಇಂದು ಆಧಾರವಿಲ್ಲ. ಗಾಯಾಳುವಿಗೆ ನೆರವಾಗುವವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚ್ 30ರಂದು ಕಾನೂನಿನ ಬಲವನ್ನು ಕೊಟ್ಟಿತು. ಕರ್ನಾಟಕದ ಶಾಸನಸಭೆ ಇದೇ ಉದ್ದೇಶದ ಪ್ರತ್ಯೇಕ ಕಾಯಿದೆಯನ್ನು 2016ರಲ್ಲಿ ಅಂಗೀಕರಿಸಿ, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134-ಎ ಕಲಮು ಇಡೀ ದೇಶದಲ್ಲಿ ಅಂತಹ ಉಪಕಾರಿಗೆ ರಕ್ಷಣೆಯನ್ನು ಕೊಟ್ಟಿದೆ. ಹೆಸರು ಹೇಳೆಂದು ಅವನನ್ನು ಬಲವಂತಪಡಿಸುವಂತಿಲ್ಲ. ಸದ್ಭಾವದಿಂದ ಮಾಡಿದ ಸಹಾಯಕ್ಕಾಗಿ ಅವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಡಕಾರ್‌ನ ಸಂಘಟಕರು ನಿಂತವನ ಸಮಯವನ್ನು ಹಿಂದಿರುಗಿಸುವಂತೆ, ನಾಡಿನ ಕಾನೂನು ನಿಂತವನ ನೆಮ್ಮದಿಯನ್ನು ಹಿಂದಿರುಗಿಸಿದೆ. ಈ ಸಂಗತಿ ಬಾಶೆಟ್ಟಿಹಳ್ಳಿಯ ರಸ್ತೆಯಲ್ಲಿ ಪಾಳಿಗೆ ಹೋಗುವ ಎಷ್ಟು ತರುಣರಿಗೆ ತಿಳಿದಿದೆ ಎಂಬುದೇ ಪ್ರಶ್ನೆ.

ತಿಳಿಸಬೇಕಾದುದು ಬಹಳವೇನೂ ಇಲ್ಲ. ಹೆಲ್ಮೆಟ್ಟು ತಲೆಯ ಮೇಲಿರಬೇಕು. ಮೊಣಕೈಯಲ್ಲಿಯೂ ಪೆಟ್ರೋಲ್ ಟ್ಯಾಂಕಿನ ಮೇಲೆಯೂ ತೂಗುವುದಕ್ಕಾಗಿ ಅದನ್ನು ಮಾಡಿಲ್ಲ. ಹಿಂದೆ ಕುಳಿತ ಗೆಳೆಯನ ತಲೆಯೂ ಅಷ್ಟೇ ಬೆಲೆಯುಳ್ಳದ್ದು. ಬಿದ್ದವನನ್ನು ಕಂಡರೆ ಮೊದಲು 108ಕ್ಕೆ ಕರೆ ಮಾಡಬೇಕು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಕತ್ತಿಗೂ ಬೆನ್ನಿಗೂ ಪೆಟ್ಟಾಗಿರಬಹುದಾದ್ದರಿಂದ ಎಳೆದಾಡಬಾರದು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಕರುಣೆಯಿಂದ ಮಾಡುವ ಈ ಕೆಲಸದಿಂದಲೇ ಉಸಿರು ಕಟ್ಟುವ ಅಪಾಯವುಂಟು. ಪೆಟ್ಟು ಬಿದ್ದ ಮೊದಲ ಒಂದು ಗಂಟೆಯನ್ನು ಕಾನೂನೇ 'ಗೋಲ್ಡನ್ ಅವರ್', ಅಂದರೆ ಹೊನ್ನಿನ ಗಳಿಗೆ, ಎಂದು ಹೆಸರಿಸಿದೆ. ಅದರಲ್ಲಿ ಹತ್ತು ನಿಮಿಷವನ್ನು ಗೊನ್ಸಾಲ್ವಿಸನು ಅಪರಿಚಿತ ನಾಡಿನ ಪ್ರತಿಸ್ಪರ್ಧಿಗಾಗಿ ಕೊಟ್ಟನು. ಬೆಳಗಿನ ಪಾಳಿಗೆ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹೋಗಬಹುದೆಂಬ ಕಷ್ಟ ಇಲ್ಲಿನ ತರುಣನಿಗೆ ಇದೆ ನಿಜ. ಆ ಕಷ್ಟವನ್ನು ಅರಿತು, ಗಾಯಾಳುವಿಗಾಗಿ ನಿಂತವನ ಕೂಲಿಯನ್ನು ಹಿಡಿಯದಿರುವ ಉದಾರತೆ ಕಾರ್ಖಾನೆಗಳನ್ನು ನಡೆಸುವ ಹಿರಿಯರಿಗೂ ಬರಬೇಕು.

ಸಾಹಸದ ಬಯಕೆಯುಳ್ಳವರಿಗೆ ಹೆದ್ದಾರಿ ತಕ್ಕ ಅಂಗಳವಲ್ಲ. ಸಂತೋಷ್ ಅವರು ಕೋಲಾರದ ಬಳಿ 'ಬಿಗ್ ರಾಕ್' ಎಂಬ ತರಬೇತಿ ಮೈದಾನವನ್ನು ಕಟ್ಟಿದುದು ಈ ದೃಷ್ಟಿಯಿಂದ ಉಪಯುಕ್ತವಾದ ಕಾರ್ಯ. ಬೀಳುವುದನ್ನೂ ಕ್ರಮವಾಗಿ ಕಲಿಯಬಹುದಾದ ಸ್ಥಳವದು. ಬಯಲುಸೀಮೆಯ ಮಣ್ಣಿನಲ್ಲಿ ಕಲಿತವನು ಮುಂದೊಂದು ದಿನ ಥಾರ್‌ನ ಮರಳನ್ನೋ ಅರೇಬಿಯಾದ ಮರಳನ್ನೋ ಕಾಣಬಾರದೆಂದೇನೂ ಇಲ್ಲ. ಕಂಡವನು ಅಲ್ಲಿಂದ ಪದಕ ತಾರದಿದ್ದರೂ ಚಿಂತೆಯಿಲ್ಲ. ನಿಲ್ಲುವ ಗುಣವನ್ನು ತಂದರೆ ಊರಿಗೆ ಉಪಕಾರವಾದೀತು.

ವಿದ್ಯಾಸಂಸ್ಥೆಗಳಲ್ಲಿ ವಾರ್ಷಿಕೋತ್ಸವದ ದಿನ ಓಟದಲ್ಲಿ ಮೊದಲಿಗನಾದವನಿಗೆ ಬಹುಮಾನ ಕೊಡುವ ಪದ್ಧತಿ ಹಿಂದಿನಿಂದ ಬಂದಿದೆ, ಅದು ಇರಲಿ. ಅದರ ಜೊತೆಗೆ ಪ್ರಥಮ ಚಿಕಿತ್ಸೆಯನ್ನು ಕಲಿತ ಮಕ್ಕಳಿಗೂ, ರಸ್ತೆಯಲ್ಲಿ ಬಿದ್ದವರಿಗೆ ನೆರವಾದ ಹಳೆಯ ವಿದ್ಯಾರ್ಥಿಗಳಿಗೂ ಒಂದು ಗೌರವ ಸಲ್ಲುವಂತಾದರೆ ಅಧ್ಯಾಪಕರ ಶ್ರಮವೂ ದಾನಿಗಳ ಧನವೂ ಸಾರ್ಥಕವಾಗುತ್ತವೆ. ಮೊದಲ ಬೈಕನ್ನು ಕೊಂಡ ವಿದ್ಯಾರ್ಥಿಯು ಗುರುಗಳಿಗೆ ನಮಸ್ಕರಿಸಲು ಶಾಲೆಯ ಅಂಗಳಕ್ಕೆ ಬರುವುದು ಇಲ್ಲಿನ ಒಳ್ಳೆಯ ಸಂಪ್ರದಾಯ. ಹಾಗೆ ಬಂದವನಿಗೆ 'ನೂರು ಕಾಲ ಬಾಳಪ್ಪ' ಎಂಬ ಹರಕೆಯೊಡನೆ ಇನ್ನೂ ಎರಡು ಮಾತುಗಳನ್ನು ಹೇಳಿ ಕಳುಹಿಸಲಿ: ಬಿದ್ದವನನ್ನು ಕಂಡರೆ ನಿಲ್ಲು, ಹೋಗಿ, ಮರಳಿ ಬಾ.